ಅವ್ವನ ಪೈಪು, ನಿನ್ನ ಊಟ

ಲಲಿತಾ,

ಅವ್ವನಿಗೆ ಪೈಪಿನಲ್ಲಿ ಕೊಡುವ ಊಟದ ಪುಡಿ ಇವತ್ತಿಗಷ್ಟೇ ಸಾಕಾಗುತ್ತದೆ. ತರಲು ಮೊದಲ ಬಸ್ಸಿಗೆ ಕೊಪ್ಪಳಕ್ಕೆ ಹೊರಟೆ. ನೀನು ಮಲಗಿದ್ದೆ, ಎಬ್ಬಿಸಲಿಲ್ಲ.

ಎಂಟಕ್ಕೆ ಪುಡಿ ಕಲಸಿ ಚೀಲಕ್ಕೆ ಹಾಕು. ಹನಿಹನಿಯಾಗಿಯೇ ಹೋಗಲಿ. ಪೈಪು ನೇರ ಕರುಳಿಗೆ ಹೋಗಿದೆ, ಅವಸರ ಮಾಡಿದರೆ ಹೊಟ್ಟೆ ನುಲಿಯುತ್ತದೆ. ಮುಗಿದ ಮೇಲೆ ಕಾಸಿ ಆರಿಸಿದ ನೀರನ್ನು ಸಿರಿಂಜಿನಿಂದ ಬಿಡು. ಪೈಪು ಕಟ್ಟಿಕೊಂಡರೆ ಜೋರಾಗಿ ಒತ್ತಬೇಡ, ನರ್ಸ್ ಹನುಮಂತಮ್ಮನಿಗೆ ಫೋನ್ ಮಾಡು.

ಅವ್ವನ ಬಾಯಿಗೆ ಒಂದು ಹನಿ ತೀರ್ಥವೂ ಬೇಡ, ಉಸಿರಿನ ನಾಳಕ್ಕೆ ಹೋಗುತ್ತದೆ. ದೇವರಿಗೆ ನಾನು ಹೇಳಿಕೊಂಡಿದ್ದೇನೆ.

ಇನ್ನೊಂದು ಮಾತು. ನಿನ್ನೆ ನೀನು ಅಡುಗೆಮನೆಯ ಕದ ಹಾಕಿಕೊಂಡು ಉಂಡೆ. ಅವ್ವನಿಗೆ ಗೊತ್ತಾಯಿತು. ನೀನು ನೀರಿಗೆ ಹೋದಾಗ, "ನನ್ನ ಮಗಳು ತವರಿಗೆ ಬಂದು ಕಳ್ಳರಂಗ ಉಣ್ಣಾಕ ಹತ್ಯಾಳಲ್ಲೋ" ಅಂತ ಅತ್ತಳು. ನಿನ್ನ ಮೇಲೆ ಸಿಟ್ಟು ಬಂತು. ಆದರೆ ನಾನೂ ಅದನ್ನೇ ಮಾಡಿದವನು. ಹೋದ ಸೋಮವಾರ ಅವ್ವನಿಗೆ ಪುರಾಣ ಓದುವಾಗ ಮದುವೆ ಊಟದ ಪದ್ಯಗಳನ್ನು ಹಾರಿಸಿದ್ದೆ. ಅವ್ವ ಬೆರಳೆತ್ತಿ ನಿಲ್ಲಿಸಿದಳು. "ಬೀಗರನ್ನ ಉಪವಾಸ ಕಳಸ್ತೀಯೇನೋ?" ಅಂದು, ನಾನು ಬಿಟ್ಟ ಪದ್ಯಗಳನ್ನೆಲ್ಲ ಆ ಸಣ್ಣ ದನಿಯಲ್ಲಿ ತಾನೇ ಹೇಳಿದಳು. ಹೋಳಿಗೆ, ತುಪ್ಪ, ಹಪ್ಪಳ, ಒಂದನ್ನೂ ಬಿಡಲಿಲ್ಲ. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ.

ಅದಕ್ಕೇ ಇವತ್ತು ತಾಟು ತೆಗೆದುಕೊಂಡು ಅವ್ವನ ಮಗ್ಗುಲಲ್ಲೇ ಕೂತು ಉಣ್ಣು. ಕಣ್ಣೀರು ಬಂದರೆ ಪುಂಡಿಪಲ್ಯ ಖಾರ ಆಗಿದೆ ಅನ್ನು. "ಇನ್ನೊಂದು ರೊಟ್ಟಿ ಹಾಕ್ಕೋ" ಅಂತಾಳೆ. ಹಸಿವಿಲ್ಲದಿದ್ದರೂ ಹಾಕಿಕೋ.

ಅಣ್ಣ, ಕನಕಪ್ಪ