ಕಲ್ಲಿನ ಹಿಂದೆ ಕುಳಿತವರು

ಗಜೇಂದ್ರಗಡ

ಫೋಟೋ ತೆಗೆಯುವ ಸಾಹೇಬರಿಗೆ ರಾಜಮಾಳ ಸಲಾಂ.

ನಿಮಗೆ ಕಣ್ಣಿವೆಯೋ, ಬರೀ ಕ್ಯಾಮೆರಾ ಇದೆಯೋ? ನೀವು ಕಳಿಸಿದ ದೊಡ್ಡ ಫೋಟೋದ ಕೆಳಗೆ ಇಂಗ್ಲಿಷಿನಲ್ಲಿ ‘ಯಾರೂ ಇಲ್ಲದ ನೆಲ’ ಎಂದು ಬರೆದಿದೆಯಂತೆ. ಮೊಮ್ಮಗಳು ಮೆಹನಾಜ ಓದಿ ಹೇಳಿದಳು. ಅಲ್ರಿ, ಕರೆಂಟು ಮಾಡುವ ಗಾಳಿಪಂಖ ಕಾಣದ ಜಾಗ ಬೇಕೆಂದಾಗ ನಿಮ್ಮನ್ನು ಆ ಗುಡ್ಡಕ್ಕೆ ಕರೆದುಕೊಂಡು ಹೋದವರು ಯಾರು? ನಮ್ಮ ಮನೆಯವರೇ ಅಲ್ಲವೆ?

ಅಂದು ಅವರು ಕುಣಿಯುತ್ತ ಮನೆಗೆ ಬಂದರು. “ನನ್ನ ಫೋಟೋ ತಗದಾರ. ‘ಅಜ್ಜಾ, ಆ ಕಲ್ಲಿನ ಹಿಂದ ಕುಂದ್ರು’ ಅಂದ್ರು. ಅಲುಗಾಡಲಾರ್ದ ಕುಂತೆ” ಎಂದರು.

“ಕಲ್ಲಿನ ಹಿಂದ ಕುಂತವರು ಫೋಟೋದಾಗ ಹ್ಯಾಂಗ ಬರತಾರ?” ಎಂದು ನಕ್ಕೆ.

“ಭಾಳ ದೊಡ್ಡ ಕ್ಯಾಮೆರಾ ಐತಿ, ಬರತೈತಿ” ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದರು.

ಅವರನ್ನು ಮಣ್ಣು ಮಾಡಿದ ಮೂರನೆಯ ದಿನ ಫೋಟೋ ಬಂತು. ಎಲ್ಲರೂ ಬೆರಳಿಟ್ಟು ಹುಡುಕಿದರು. ಮನೆಯಲ್ಲಿ ಅವರ ಬೇರೆ ಫೋಟೋ ಇಲ್ಲ; ಆಧಾರ ಕಾರ್ಡಿನಲ್ಲಿರುವುದು ಯಾವನೋ ಕಳ್ಳನ ಮುಖ, ಅವರದಲ್ಲ. ನಾನು ದಿನವೂ ನಿಮ್ಮ ಫೋಟೋದ ಕಲ್ಲನ್ನೇ ನೋಡುತ್ತೇನೆ. ಅವರು ಇನ್ನೂ ಅದರ ಹಿಂದೆಯೇ ಕುಳಿತಿದ್ದಾರೆ.

ಅವರನ್ನು ಕಲ್ಲಿನ ಹಿಂದೆ ಕಳಿಸುವ ಮೊದಲು ಒಂದಾದರೂ ಫೋಟೋ ಒತ್ತಿರಬೇಕಲ್ಲ? ಕೆಟ್ಟಿದ್ದರೂ ಅದನ್ನು ಕಳಿಸಿ. ಬೆನ್ನು ಕಂಡರೂ ಸಾಕು, ಗುರುತು ಹಿಡಿಯುತ್ತೇನೆ. ಅಳಿಸಿದ್ದರೆ ಅಳಿಸಿದೆನೆಂದೇ ಬರೆಯಿರಿ, ನೋಡುವುದನ್ನು ಬಿಡುತ್ತೇನೆ. ಬರುವ ತಿಂಗಳ ಆರಕ್ಕೆ ಅವರ ನಲವತ್ತನೆಯ ದಿನ. ಆ ತಿಂಗಳು ಹುಟ್ಟುವ ಮೊದಲು ಉತ್ತರ ಬರಬೇಕು.

ನಿಮಗೆ ಗುಡ್ಡ ತೋರಿಸಿದವರ ಹೆಂಡತಿ,
ರಾಜಮಾ