ಸೋಮವಾರ ಬರುವ ಕ್ಯಾಮೆರಾ

ಗಂಗಾವತಿ
ಭಾನುವಾರ, 18 ಆಗಸ್ಟ್ 2024

ಪ್ರೀತಿಯ ಅಂಜುಮ,

ಒಂದು ಮಾತನ್ನು ಬರೆಯದೆ ಬಿಡುವವಳಿದ್ದೆ. ಕ್ಯಾಮೆರಾ ವಾಪಸು ಬಂದಿದೆ. ಬಂದು ಒಂಬತ್ತು ದಿನವಾಯಿತು, ನಿನಗೆ ತಿಳಿಸಲಿಲ್ಲ. ನಿನ್ನ ಅಮ್ಮಿಯ ಚಿತ್ರಗಳು ಅದರೊಳಗೆ ಚೆನ್ನಾಗಿ ಬಂದಿವೆ ಎಂದು ಏಪ್ರಿಲ್‌ನಲ್ಲಿ ನಿನ್ನ ಕೈ ಹಿಡಿದುಕೊಂಡು ಹೇಳಿದ್ದೆನಲ್ಲ, ಅದು ನಿಜವಲ್ಲ. ಚೆನ್ನಾಗಿ ಬಂದಿಲ್ಲ. ಈ ಪತ್ರದ ಜೊತೆ ಬರೀ ಒಂದು ಪ್ರಿಂಟು ಇಟ್ಟು, ನಾಲ್ಕು ಕ್ಷೇಮದ ಮಾತು ಬರೆದು ಕಳಿಸಿಬಿಡೋಣ ಅಂದುಕೊಂಡಿದ್ದೆ. ಆದರೆ ನೀನು ಆ ಪ್ರಿಂಟನ್ನು ಬೆಳಕಿಗೆ ಹಿಡಿದು ಅಮ್ಮಿಯ ಮುಖ ಹುಡುಕುವುದು ನನ್ನ ಕಣ್ಣಿಗೆ ಕಟ್ಟಿತು. ಹಾಗಾಗಿ ಮೊದಲಿಂದ ಬರೆಯುತ್ತಿದ್ದೇನೆ.

ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬೀದರಿನಿಂದ ನೀನು ಕಳಿಸಿದ ಮೂರು ಸಂದೇಶಗಳಿಗೆ ನಾನು ಬರೀ ಹೂವಿನ ಗುರುತು ಒತ್ತಿ ಸುಮ್ಮನಾದೆ. ನೆಪಕ್ಕೇನೂ ಕಡಿಮೆ ಇರಲಿಲ್ಲ. ಕ್ಯಾಮೆರಾ ಬಂದ ಮರುದಿನವೇ ಡ್ಯಾಮಿನ ಗೇಟು ಕೊಚ್ಚಿಹೋಯಿತು. ನೀರೆಲ್ಲ ಹರಿದುಹೋದರೆ ಬತ್ತದ ಗತಿಯೇನು ಎಂದು ಒಂದು ವಾರ ಊರಿನವರ ಬಾಯಲ್ಲಿ ಬೇರೆ ಮಾತಿರಲಿಲ್ಲ. ನಮ್ಮವರು ಅಕ್ಕಿ ಅಂಗಡಿ ಬಿಟ್ಟು ಟಿವಿ ಮುಂದೆಯೇ ಕೂತರು. ಈಗ ಗೇಟು ಕೂರಿಸಿದ್ದಾರೆ. ನನಗೆ ನೆಪ ಮುಗಿಯಿತು.

ಫೋನು ಮಾಡಬಹುದಿತ್ತು. ನಿನ್ನ ಧ್ವನಿ ಕೇಳಿದರೆ ನಾನು ಮತ್ತೆ ಏನಾದರೂ ಚೆಂದದ ಸುಳ್ಳು ಹೇಳಿಬಿಡುತ್ತೇನೆ. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಇಂಗ್ಲಿಷಿನಲ್ಲಿ ಪತ್ರ ಬರೆಯಲು ಕಲಿತೆವು. ರಜೆ ಕೇಳುವ ಪತ್ರ, ಕ್ಷಮೆ ಕೇಳುವ ಪತ್ರ, ಎಲ್ಲಕ್ಕೂ ಮಾದರಿ ಇತ್ತು. ಆ ಮಾದರಿಗಳನ್ನೆಲ್ಲ ಈ ವರ್ಷ ಕ್ಯಾಮೆರಾ ಕಂಪನಿಗೆ ಖರ್ಚು ಮಾಡಿದ್ದೇನೆ. ನಿನಗೆ ಕನ್ನಡವೇ ಇರಲಿ.

ಕ್ಯಾಮೆರಾ ಕೊಂಡದ್ದು ಹೋದ ವರ್ಷ ದಸರೆಗೆ ಮುಂಚೆ, ಕೊಪ್ಪಳದಲ್ಲಿ, ಗಾಳೇಶನ ಅಂಗಡಿಯಲ್ಲಿ. ಈ ವಯಸ್ಸಿಗೆ ಇದೆಂಥ ಚಪಲ ಎಂದು ನನಗೇ ನಾಚಿಕೆಯಿತ್ತು. ಮೂರನೆಯ ದಿನ ನಸುಕಿನಲ್ಲೇ ಎದ್ದು ಸಾಣಾಪುರದ ಕೆರೆಗೆ ಹೋದೆ. ನೀರಿನ ಮೇಲೆ ಹಾಲಿನ ಕೆನೆಯಂಥ ಮಂಜು. ಬಂಡೆಗಳು ಮಲಗಿದ ಎತ್ತುಗಳಂತೆ ಬೆನ್ನು ಮಾತ್ರ ತೋರಿಸುತ್ತಿದ್ದವು. ಹರಿಗೋಲೊಂದು ಸದ್ದಿಲ್ಲದೆ ಬಂದು, ನನ್ನೆದುರಿಗೆ ಸ್ವಲ್ಪ ಹೊತ್ತು ತಿರುಗಿ, ಬಂದ ಹಾಗೆಯೇ ಕರಗಿಹೋಯಿತು. ಮನೆಗೆ ಬಂದು ಚಿತ್ರ ನೋಡಿದರೆ ನನ್ನ ಕನಸನ್ನೇ ಯಾರೋ ತೊಳೆದು ಒಣಹಾಕಿದ ಹಾಗಿತ್ತು. ಎಲ್ಲವೂ ಬೆಳ್ಳಗೆ, ಎಲ್ಲವೂ ದೂರ. ಒಂದಿಡೀ ವಾರ ನಾನು ಆ ಚಿತ್ರಗಳ ಒಳಗೇ ಓಡಾಡಿಕೊಂಡಿದ್ದೆ. ಮಂಜು ಕೆರೆಯದು ಅಂದುಕೊಂಡಿದ್ದೆ, ಅಂಜು. ಅದು ಕ್ಯಾಮೆರಾದ್ದು.

ಗೊತ್ತಾದದ್ದು ಅಮ್ಮಿಯ ಚಿತ್ರ ತೆಗೆದಾಗ. ಅವರಿಗೆ ಚಿತ್ರವೆಂದರೆ ಆಗುತ್ತಿರಲಿಲ್ಲ ಎಂಬುದು ನಿನಗೆ ಹೇಳಬೇಕಿಲ್ಲ. ನಿನ್ನ ಮದುವೆಯ ಆಲ್ಬಮ್ಮಿನಲ್ಲಿ ಅವರ ದುಪ್ಪಟ್ಟದ ಅಂಚು ಬಿಟ್ಟರೆ ಏನಿದೆ? ವಿಡಿಯೋ ಕರೆಯಲ್ಲೂ ಫೋನನ್ನು ಮೇಲಕ್ಕೆ ತಿರುಗಿಸಿಬಿಡುತ್ತಿದ್ದರು, ಬೀದರಿನಲ್ಲಿ ಕೂತು ನೀನು ನೋಡಿದ್ದೆಲ್ಲ ನಿಮ್ಮ ಮನೆಯ ಫ್ಯಾನು. ಆದರೆ ನನ್ನ ಕ್ಯಾಮೆರಾವನ್ನು ಅವರು ಎರಡೂ ಕೈಯಲ್ಲಿ ಹಿಡಿದು, ಹಿಂದುಮುಂದು ನೋಡಿ, ಒಪ್ಪಿಕೊಂಡರು.

"ಫೋನ್ ಅಂದ್ರ ಊರ ಬಾಯಿ, ಬೇಟಾ. ಎಲ್ಲೆಲ್ಲಿ ಹೋಗತೈತೋ ಯಾರಿಗ್ಗೊತ್ತು. ಇದು ಡಬ್ಬಿ. ಡಬ್ಬ್ಯಾಗಿಂದು ಡಬ್ಬ್ಯಾಗ ಇರ್ತೈತಿ. ಅಂಜುಗ ಕಳಸ್ತೀಯಂದ್ರ ತಗಿ. ಆದ್ರ ನಗ್ರಿ ಅನಬ್ಯಾಡ. ನನಗ ಹೇಳಿದ ಕೂಡ್ಲೆ ನಗಾಕ ಬರಂಗಿಲ್ಲ."

ದೀಪಾವಳಿಗೆ ಇನ್ನೂ ನಾಲ್ಕು ದಿನವಿತ್ತು. ನಿಮ್ಮ ಮಾಳಿಗೆಯ ಮೇಲೆ ಮಧ್ಯಾಹ್ನದ ಬಿಸಿಲು. ನಿನ್ನ ಚಿಕ್ಕ ಮಗಳಿಗೆಂದು ಹಳೆ ಬಟ್ಟೆ ಸೇರಿಸಿ ಹೊಲಿಯುತ್ತಿದ್ದ ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು ಕೂತಿದ್ದರು. ನಾಲ್ಕು ಚಿತ್ರ ತೆಗೆದೆ. ಅಮ್ಮಿ ಹಿಂಬದಿಯ ಪರದೆಯಲ್ಲಿ ಇಣುಕಿ ನೋಡಿದರು. "ನಮ್ಮ ಒಲಿ ಹೊಗಿ ಇದರಾಗೂ ಬಂದೈತೇನ?" ಎಂದು ಕೇಳಿದರು. ಕಣ್ಣು ಕುಕ್ಕುವ ಬಿಸಿಲಿನಲ್ಲಿ ಅದೇ ಸಾಣಾಪುರದ ಮಂಜು. ಅಮ್ಮಿಗೆ ಬೇಸರವೇನೂ ಆಗಲಿಲ್ಲ. ಸುಧಾರಿಸಿಕೊಂಡು ಬಾ, ಮತ್ತೆ ಕೂತರಾಯಿತು ಅಂದರು.

ಗಾಳೇಶ ಕ್ಯಾಮೆರಾ ನೋಡಿದ, ವಾರಂಟಿ ಕಾರ್ಡು ನೋಡಿದ, ನನ್ನ ಮುಖ ನೋಡಿದ. "ಅಕ್ಕಾರ, ಮಾರೋದು ನಂದು, ಸುಧಾರಸೋದು ಕಂಪನೀದು. ನಡಬರಕ ನಾ ಬರೇ ಪೋಸ್ಟ್‌ಮ್ಯಾನ್ ನೋಡ್ರಿ," ಎಂದು ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಕಳಿಸಿದ. ಒಂದು ತಿಂಗಳಾದ ಮೇಲೆ ವಾಪಸು ಬಂತು. ಯಾವ ದೋಷವೂ ಕಂಡುಬಂದಿಲ್ಲ ಎಂಬ ಚೀಟಿ ಅಂಟಿಸಿದ್ದರು. ಪರೀಕ್ಷೆಗೆಂದು ಅವರು ತೆಗೆದ ಚಿತ್ರವೂ ಅದರಲ್ಲೇ ಇತ್ತು. ಏನಿದೆ ಎಂದು ನೋಡಿದರೆ, ಅವರ ಕಚೇರಿಯ ಬಿಳಿ ಗೋಡೆ. ಬಿಳಿ ಗೋಡೆಯಲ್ಲಿ ಮಂಜು ಕಾಣುವುದಾದರೂ ಹೇಗೆ? ಮತ್ತೆ ಕಳಿಸಿದೆ. ಎರಡನೆಯ ಸಲ ಚೀಟಿ ಬೇರೆಯಾಗಿತ್ತು. ಲೆನ್ಸಿನ ಬಳಿ ಬಿಳಿ ಪುಡಿ ಸಿಕ್ಕಿದೆ, ಇದು ಬಳಕೆದಾರರ ತಪ್ಪು, ವಾರಂಟಿ ಅನ್ವಯಿಸುವುದಿಲ್ಲ.

ಆ ಪುಡಿ ಎಲ್ಲಿಯದೆಂದು ನನಗೆ ಓದಿದ ಕೂಡಲೇ ತಿಳಿಯಿತು. ಆಯುಧ ಪೂಜೆಯ ದಿನ ನಮ್ಮ ಅತ್ತೆ ಕಳಕಮ್ಮನವರು ತಕ್ಕಡಿ, ಟ್ರ್ಯಾಕ್ಟರು, ಮಿಕ್ಸರುಗಳ ಸಾಲಿನಲ್ಲಿ ಕ್ಯಾಮೆರಾವನ್ನೂ ಕೂರಿಸಿದ್ದರು. ಇದಕ್ಕೆ ಬೇಡ ಅತ್ತೀ ಎಂದು ನಾನು ಅರ್ಧ ಬಾಯಿ ತೆರೆದಿದ್ದೆ. "ಕಣ್ಣೈತಿ ಅಂದಮ್ಯಾಲ ಹಣಿ ಇರಬೇಕಲ್ಲವಾ," ಎಂದು ಲೆನ್ಸಿನ ಮೇಲ್ಗಡೆ ಮೂರು ಬೆರಳಿನಿಂದ ವಿಭೂತಿ ಎಳೆದು ಕುಂಕುಮವಿಟ್ಟರು. ಅವರಿಗೆ ಆ ದಿನ ಎಷ್ಟು ಸಂತೋಷವಾಗಿತ್ತೆಂದರೆ ನಾನು ಬಾಯಿ ಮುಚ್ಚಿಕೊಂಡೆ. ಇಂಗ್ಲಿಷ್ ಕಲಿತ ಸೊಸೆ ಪೂಜೆಗೆ ಅಡ್ಡ ಬಂದಳು ಅನ್ನಿಸಿಕೊಳ್ಳುವುದೂ ಬೇಕಿರಲಿಲ್ಲ. ಆದರೆ ಮಂಜು ಪೂಜೆಗಿಂತ ಮೊದಲೇ ಇತ್ತು. ಸಾಣಾಪುರದ ಚಿತ್ರಗಳ ಮೇಲಿನ ದಿನಾಂಕ ಹಬ್ಬಕ್ಕಿಂತ ಮೂರು ದಿನ ಹಿಂದಿನದು. ನನ್ನ ಬಳಿ ಸಾಕ್ಷಿ ಇತ್ತು.

ಜನವರಿಯಲ್ಲಿ ನಾನೇ ಹುಬ್ಬಳ್ಳಿಗೆ ಹೋದೆ. ಟೋಕನ್ ಹಿಡಿದು ಎರಡು ತಾಸು ಕೂತೆ. ಕೌಂಟರಿನವನು ನಯವಾದ ಮನುಷ್ಯ, ಧ್ವನಿ ಏರಿಸಲಿಲ್ಲ. ದಿನಾಂಕ ತೋರಿಸಿದರೆ, ಕ್ಯಾಮೆರಾದ ದಿನಾಂಕವನ್ನು ಯಾರು ಬೇಕಾದರೂ ತಿದ್ದಬಹುದು ಅಂದ. ಅವನ ಕಂಪ್ಯೂಟರಿನ ಹಣೆಯ ಮೇಲೂ ದಸರೆಯ ವಿಭೂತಿ ಇನ್ನೂ ಮಾಸದೆ ಉಳಿದಿತ್ತು. ನಾನು ಬೆರಳು ತೋರಿಸಿ, "ಇದಕ್ಕೂ ಹಚ್ಚೀರಲ್ರಿ?" ಎಂದೆ.

"ಅದರ ವಾರಂಟಿ ಮುಗದೈತ್ರಿ, ಮೇಡಮ್ಮಾರ," ಅಂದ.

ಸುತ್ತ ಕೂತವರು ನಕ್ಕರು. ನನಗೂ ನಗು ಬಂತು. ಕ್ಯಾಮೆರಾವನ್ನು ಅದರೊಳಗಿನ ಮೆಮೊರಿ ಕಾರ್ಡಿನ ಸಮೇತ ಅಲ್ಲಿಯೇ ಬಿಟ್ಟು, ಸರಿಮಾಡಿಯೇ ಕಳಿಸಿ ಎಂದು ಬರೆದುಕೊಟ್ಟು ಬಂದೆ. ಅಂದಿನಿಂದ ಕಂಪನಿಗೆ ಪತ್ರ ಬರೆಯುವುದೇ ನನ್ನ ಕಸುಬಾಯಿತು. ಫೋನಿನಲ್ಲೇ ಬರೆಯುತ್ತಿದ್ದೆ, ಅನ್ನಕ್ಕಿಟ್ಟು, ಹಾಲು ಕಾಯಿಸುತ್ತ. ಪ್ರತಿ ಪತ್ರಕ್ಕೂ ಹೊಸ ದೂರು ಸಂಖ್ಯೆ, ಪ್ರತಿ ಸಂಖ್ಯೆಗೂ ಹೊಸ ಹೆಸರಿನ ಒಬ್ಬ ವ್ಯಕ್ತಿ, ಎಲ್ಲರದೂ ಒಂದೇ ಮಾತು: ಮುಂದಿನ ಸೋಮವಾರದೊಳಗೆ. ನಮ್ಮವರು ಒಮ್ಮೆ, "ಇನ್ನೊಂದು ತಗೊಂಡು ಬಾ, ಯಾಕ ತಲಿ ಕೆಡಿಸ್ಕೋತಿ," ಅಂದರು. ನಾನು ಒಲ್ಲೆ ಅಂದೆ. ನನ್ನದು ಸರಿ ಇತ್ತು, ಅಂಜು. ಸರಿ ಇದ್ದವಳಿಗೆ ಎಂಥ ಹಟ ಬರುತ್ತದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ರಂಜಾನ್ ಹಬ್ಬದ ಮರುವಾರ ಅಮ್ಮಿ ಹೋದರು. ನೀನು ಬಂದೆ. ಮೂರನೆಯ ದಿನದ ಕುರಾನ್ ಓದು ಮುಗಿದ ಮೇಲೆ ನೀನು ಅವರ ಆಧಾರ್ ಕಾರ್ಡನ್ನು ಅಂಗೈಯಲ್ಲಿ ಇಟ್ಟುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದೆ. ಅದರಲ್ಲಿ ಅಮ್ಮಿ ಯಾರೋ ಗದರಿಸಿ ನಿಲ್ಲಿಸಿದವರಂತೆ ಕಾಣುತ್ತಾರೆ. "ಶಾಂಭವಿ, ನೀ ತಗದಿದ್ದಿಯಲ್ಲ, ಅದರಾಗ ಹೆಂಗದಾಳ ಅಮ್ಮಿ?" ಎಂದು ನೀನು ಕೇಳಿದೆ. ಭಾಳ ಛಲೋ ಬಂದಾರ, ನಗಾಕತ್ತಾರ, ಕಂಪನಿಯಿಂದ ಬಂದ ಕೂಡಲೇ ಕಳಸ್ತೀನಿ ಎಂದು ನಾನು ಹೇಳಿದೆ.

ಈಗ ಕಂಪನಿ ಸೋತಿದೆ. ಹೊಸ ಲೆನ್ಸು ಹಾಕಿ, ಇದು ಗ್ರಾಹಕರ ತೃಪ್ತಿಗಾಗಿ ವಿಶೇಷ ಪರಿಗಣನೆ ಎಂದು ಬರೆದು ಕಳಿಸಿದ್ದಾರೆ. ತಪ್ಪು ತಮ್ಮದೆಂದು ಎಲ್ಲಿಯೂ ಇಲ್ಲ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಫೋನಿಗೆ ಸಂದೇಶವೂ ಬಂತು. ನಾನು ಕ್ಯಾಮೆರಾ ಹಿಡಿದು ನಿಮ್ಮ ಮಾಳಿಗೆಗೆ ಹೋದೆ. ಕೀಲಿಕೈ ನನ್ನ ಹತ್ತಿರವೇ ಇದೆಯಲ್ಲ. ಅಮ್ಮಿ ಕೂರುತ್ತಿದ್ದ ಜಾಗದ ಒಂದು ಚಿತ್ರ ತೆಗೆದೆ. ಗೋಡೆಯ ಸುಣ್ಣದ ಒಂದೊಂದು ಬಿರುಕು, ಒಣಹಾಕುವ ಹಗ್ಗದ ಒಂದೊಂದು ಎಳೆ, ಹೆಂಚಿನ ಚೂರಿನ ಮೇಲೆ ನಡೆಯುತ್ತಿದ್ದ ಇರುವೆ, ಎಲ್ಲವೂ ಕಂಡಿತು. ಅಷ್ಟು ಸ್ಪಷ್ಟವಾದ ಖಾಲಿ ಜಾಗವನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಕ್ಯಾಮೆರಾದ ಹಳೆಯ ಕಾರ್ಡು ಸುರಕ್ಷಿತವಾಗಿ ಬಂದಿದೆ. ನಾಲ್ಕು ಚಿತ್ರಗಳಲ್ಲಿ ಮೂರು ಪೂರಾ ಬಿಳಿ, ಆಕಾಶವನ್ನೋ ಹಾಲನ್ನೋ ತೆಗೆದಂತೆ. ನಾಲ್ಕನೆಯದನ್ನು ಪ್ರಿಂಟು ಹಾಕಿಸಿ ಇದರೊಳಗೆ ಇಟ್ಟಿದ್ದೇನೆ. ಮುಖ ಹುಡುಕಬೇಡ. ಮುಖವಿರುವಲ್ಲಿ ಬೆಳಕಿದೆ, ಅಷ್ಟೆ. ಆದರೆ ಕೆಳಗೆ, ಬಲಮೂಲೆಯಲ್ಲಿ, ಮಂಜು ಏಕೋ ತೆಳುವಾಗಿದೆ. ಅಲ್ಲಿ ಅಮ್ಮಿಯ ಕೈ ಇದೆ. ಸೂಜಿ ಹಿಡಿದ ಎರಡು ಬೆರಳು, ಹಸಿರು ಬಳೆ, ನಿನ್ನ ಹಳೆಯ ಹಳದಿ ಕಮೀಜಿನ ತುಂಡು. ಅದನ್ನೇ ಕೌದಿಗೆ ಹಾಕುತ್ತಿದ್ದರು. ಮೊನ್ನೆಯಿಂದ ಆ ಕೈಯನ್ನು ನೋಡುತ್ತ ಕೂತರೆ ಸೂಜಿ ಇನ್ನೇನು ಬಟ್ಟೆಯೊಳಗೆ ಇಳಿದು ಆಚೆ ಬರುತ್ತದೆ ಅನ್ನಿಸುತ್ತದೆ. ಎಷ್ಟೋ ಹೊತ್ತು ಕಾಯುತ್ತೇನೆ. ಒಲೆಯ ಮೇಲಿಟ್ಟ ಹಾಲು ಉಕ್ಕಿದ್ದೂ ಗೊತ್ತಾಗುವುದಿಲ್ಲ.

ಕೌದಿಯ ಒಂದು ಅಂಚು ಹಾಗೆಯೇ ಉಳಿದಿತ್ತು. ಅದನ್ನು ನಮ್ಮ ಅತ್ತೆ ಕೂತು ಮುಗಿಸುತ್ತಿದ್ದಾರೆ. ಅಮ್ಮಿಯನ್ನು ನೆನೆದು, ಹಸೀನಾಳ ಹೊಲಿಗೆ ಸಣ್ಣದು, ನನ್ನದು ದೊಡ್ಡದು, ಮೊಮ್ಮಗಳು ನಕ್ಕಾಳು ಎಂದು ದಿನಕ್ಕೊಮ್ಮೆ ಹೇಳುತ್ತಾರೆ. ಚಳಿಗೆ ಮುಂಚೆ ಯಾರ ಕೈಯಲ್ಲಾದರೂ ಕಳಿಸುತ್ತೇನೆ. ಕಂಪನಿ ಹುಡುಕಿದ ಪುಡಿಯ ಕಥೆ ಅವರಿಗೆ ಹೇಳಿಲ್ಲ. ನೀನೂ ಹೇಳಬೇಡ.

ಮನೆಯ ದೊಡ್ಡವರಿಗೆ ನನ್ನ ಸಲಾಂ. ಮಕ್ಕಳಿಬ್ಬರೂ ನೂರು ಕಾಲ ತಣ್ಣಗಿರಲಿ, ಅಮ್ಮಿಯ ಕೈಯ ಚುರುಕು ಚಿಕ್ಕವಳಿಗೆ ಬರಲಿ. ನಿನ್ನ ದುವಾದಲ್ಲಿ ನನಗೂ ಒಂದಿಷ್ಟು ಜಾಗವಿರಲಿ.

ನಿನ್ನ
ಶಾಂಭವಿ

ಮರೆತದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು:

ಅಮ್ಮಿ ಚಿತ್ರಕ್ಕಾಗಿ ಇನ್ನೊಮ್ಮೆ ಬಂದಿದ್ದರು. ಫೆಬ್ರವರಿಯಲ್ಲಿ, ಒಂದು ಗುರುವಾರ ಮಧ್ಯಾಹ್ನ. ನೀನು ಕಳಿಸಿದ ನೇರಳೆ ದುಪ್ಪಟ್ಟ ಹೊದ್ದಿದ್ದರು, ಕಣ್ಣಿಗೆ ಸುರಮಾ ಹಚ್ಚಿಕೊಂಡಿದ್ದರು. ಡಬ್ಬಿ ಬಂತೇ ಎಂದು ಕೇಳಿದರು. ಇಲ್ಲ, ಸೋಮವಾರ ಬರುತ್ತದೆ ಎಂದೆ. ದುಪ್ಪಟ್ಟದ ಅಂಚು ಸರಿಮಾಡಿಕೊಂಡು ಹೇಳಿದರು:

"ಹಂಗಾರ ನಿನ್ನ ಫೋನ್‌ನ್ಯಾಗ ತಗದುಬಿಡು, ಬೇಟಾ. ಊರ ಬಾಯಿ ಆದ್ರ ಆಗಲಿ. ಇವತ್ತ ಯಾಕೋ ನಗಾಕ ಬರಾಕತ್ತೈತಿ."

ಹೇಳುತ್ತಲೇ ನಕ್ಕರು. ಫೋನು ನನ್ನ ಕೈಯಲ್ಲೇ ಇತ್ತು. ಅದರಲ್ಲಿ ನಾನು ಕಂಪನಿಗೆ ಪತ್ರ ಬರೆಯುತ್ತಿದ್ದೆ. "ಫೋನ್‌ನ್ಯಾಗ ಛಲೋ ಬರಂಗಿಲ್ಲಮ್ಮಿ, ಸೋಮವಾರ ತನಕ ತಡೀರಿ," ಎಂದೆ. ಫೋನಿನಲ್ಲಿ ತೆಗೆದುಬಿಟ್ಟರೆ ಕಂಪನಿಯ ಮುಂದೆ ನಾನು ಸೋತಂತೆ ಎಂದು ಆಗ ನನಗೆ ಅನ್ನಿಸಿತ್ತು. ಅಮ್ಮಿ ಚಹಾ ಕುಡಿದರು, ದುಪ್ಪಟ್ಟವನ್ನು ನೀಟಾಗಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದರು. ಮತ್ತೆ ಕೇಳಲಿಲ್ಲ.

ಏಪ್ರಿಲ್‌ನಲ್ಲಿ ನಾನು ನಿನಗೆ ಹೇಳಿದ ನಗು ಆ ಗುರುವಾರದ್ದು. ಅದನ್ನು ನೋಡಿದವಳು ನಾನೊಬ್ಬಳೇ, ಅಂಜು.

ಈ ಪತ್ರವನ್ನು ನಾಳೆಯೇ ಅಂಚೆಗೆ ಹಾಕುತ್ತೇನೆ. ಸೋಮವಾರ, 19 ಆಗಸ್ಟ್ 2024.