ವೀಟಾ ಸುತ್ತಿದ ಉಡುಗೊರೆ ನಾನು ಹರಿದದ್ದೇಕೆ

ಲತೀಶಾ,

ವೀಟಾ ಎದ್ದ ಕೂಡಲೇ ಇದನ್ನು ಅವಳಿಗೆ ಓದಿ ಹೇಳು. ನಿನ್ನ ಹೆಂಡತಿಗೆ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಎಡವಟ್ಟಾದದ್ದೇ ಅಲ್ಲಿ.

ಬಣ್ಣದ ಕಾಗದಕ್ಕೆ ದುಡ್ಡು ದಂಡವೆಂದು ಕ್ರಿಸ್‌ಮಸ್ ಉಡುಗೊರೆಗಳನ್ನು ಅವಳು ನಮ್ಮ ಕನ್ನಡ ಪೇಪರಿನಲ್ಲಿ ಸುತ್ತಿದ್ದಳು. ಉಪಾಯ ಚಂದವೇ. ಆದರೆ ನಗುಮುಖದ ಫೋಟೋಗಳೆಂದು ಅವಳು ಆರಿಸಿದ್ದು ಶ್ರದ್ಧಾಂಜಲಿಯ ಪುಟ ಮಾರಾಯ! ಅದೂ ಅವಳ ತಮ್ಮನ ಹಸುಗೂಸಿನ ಗಿಲಕಿಗೆ. ಕಂಡದ್ದೇ ಕೈ ತಡೆಯಲಿಲ್ಲ, ಹರಿದುಬಿಟ್ಟೆ. ನಾನು ಬಾಯಿ ತೆರೆಯುವ ಮೊದಲೇ ಅವಳು, "ನಮ್ಮ ಹಬ್ಬ ಬೇಡಾಂದ್ರೆ ಸೀದಾ ಹೇಳಿ ಅತ್ತೆ, ಹರಿಯೋದ್ಯಾಕೆ? ಅಪ್ಪನ ಮನೆಗೆ ನಾನೊಬ್ಬಳೇ ಹೋಗ್ತೇನೆ" ಎಂದು ಬಾಗಿಲು ಹಾಕಿಕೊಂಡಳು. ನೀನು ಮೊಬೈಲ್ ನೋಡುತ್ತ ಕೂತಿದ್ದೆ. ನಿನಗಾದರೂ ಬಾಯಿ ಇರಲಿಲ್ಲವೇ?

ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮೇಜಿನ ಮೇಲಿಟ್ಟಿದ್ದೇನೆ. ಬಿಳಿ ಬದಿ ಹೊರಗೆ ಬರುವಂತೆ ಇಬ್ಬರೂ ಸೇರಿ ಸುತ್ತಿ. ಕಟ್ಟಲಿಕ್ಕೆ ನನ್ನ ಹಸಿರು ಸೀರೆಯ ಜರಿ ಅಂಚು ಕತ್ತರಿಸಿಟ್ಟಿದ್ದೇನೆ. ಸಾಲದಿದ್ದರೆ ಮಲ್ಲಿಗೆ ಚೆಂಡಿಗೆ ಕಟ್ಟಿ ಬಂದ ಬಾಳೆನಾರು ನೀರಿನಲ್ಲಿ ನೆನೆಯುತ್ತಿದೆ. ಗಂಟು ನೀನು ಹಾಕಬೇಡ, ಅವಳ ಕೈ ಅಚ್ಚುಕಟ್ಟು.

ಕ್ಯಾಂಟೀನಿನಲ್ಲಿ ರಜೆ ಸಿಗಲಿಲ್ಲ. ಸಂಜೆ ಕೆಲಸ ಮುಗಿಸಿ ಸೀದಾ ಅವಳ ಅಪ್ಪನ ಮನೆ ಹತ್ತಿರದ ಕಳವಾ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ, ಉಡುವ ಸೀರೆ ಚೀಲದಲ್ಲಿದೆ. ಬೀಗರ ಮನೆಗೆ ನಾನಾಗಿ ನುಗ್ಗುವವಳಲ್ಲ. ಸ್ಟೇಷನ್ನಿನ ಟಿಕೆಟ್ ಕಿಟಕಿಯ ಹತ್ತಿರ ನಿಂತಿರುತ್ತೇನೆ. ಕರೆಯಲಿಕ್ಕೆ ನೀನು ಬರಬೇಡ. ಅವಳು ಬಂದರೆ ಹೋಗೋಣ. ಬಾರದಿದ್ದರೆ ಮುಂದಿನ ಡೊಂಬಿವಲಿ ಲೋಕಲ್ ಹಿಡಿದು ಮನೆಗೆ ಬರುತ್ತೇನೆ, ಒಂದು ಮಾತೂ ಆಡುವುದಿಲ್ಲ.

ಅಮ್ಮ